ಅಪ್‌ಡೇಟ್: ಕೊನೆಗೂ ಜಪಾನ್ ವೀಸಾ ಬಂತು

ಜಪಾನಿನ ಭಾಷಾ ಶಾಲೆಗೆ ಫೀಸು ಕಟ್ಟಿದ್ದೇನೆ, ಕೊರೊನಾ ಅಂತ ಜಪಾನ್ ಹೊರಗಿನವರಿಗೆ ಬಾಗಿಲು ಹಾಕಿದ್ದರಿಂದ ಬೆಂಗಳೂರಿನಲ್ಲೇ ಕೂತಿದ್ದೇನೆ, ಆನ್‌ಲೈನ್ ಕ್ಲಾಸ್ ಮುಂದುವರಿಸಲಾ, ಸೀಟು ಬಿಟ್ಟುಬಿಡಲಾ ಅಂತ ಕೇಳಿದ್ದೆ. ಹೆಚ್ಚಿನವರು ಕಾಯಿರಿ ಅಂದಿರಿ. ಕಾದೆ. ವೀಸಾ ಬಂತು!

2021ರ ನವೆಂಬರ್ 8ಕ್ಕೆ ಜಪಾನಿನವರು ವಿದೇಶಿ ವಿದ್ಯಾರ್ಥಿಗಳನ್ನು ಒಳಗೆ ಬಿಡತೊಡಗಿದಾಗ ಅಟ್ಟದಿಂದ ಸೂಟ್‌ಕೇಸ್ ಇಳಿಸಿದ್ದೆ. ಕೊರೊನಾದ ಹೊಸ ತಳಿ ಒಮಿಕ್ರಾನ್ ಬಂತು, 30ಕ್ಕೆ ಮತ್ತೆ ಬಾಗಿಲು ಹಾಕಿದರು. ಆಮೇಲಿನ ತಿಂಗಳುಗಳು ಬಲು ಬೇಜಾರು. ಅಲ್ಲಿ ಒಂಬತ್ತರ ಕ್ಲಾಸ್ ಅಂದರೆ ಇಲ್ಲಿ ಬೆಳಗಿನ ಜಾವ ಐದೂವರೆ. ಅಮ್ಮ ಕಾಫಿ ಕೊಡುತ್ತಾ, "ಇದಕ್ಕೆ ಜಪಾನೇ ಬೇಕಿತ್ತಾ?" ಅನ್ನುತ್ತಿದ್ದರು. ನ್ಯಾಯವಾದ ಪ್ರಶ್ನೆ, ಅಲ್ವಾ?

2022ರ ಮಾರ್ಚ್ 1ರಿಂದ ಮತ್ತೆ ಬಿಡತೊಡಗಿದರು. ಮೊದಲು ದಿನಕ್ಕೆ 5,000 ಜನ, ಅದೂ ಊರಿಗೆ ಮರಳುವ ಜಪಾನೀಯರೂ ಸೇರಿ. 14ರಿಂದ 7,000.

2022ರ ಆ ದಿನಗಳಲ್ಲಿ ನಿಯಮ ಹೀಗಿತ್ತು. ಸಿಒಇ (ವೀಸಾಗೆ ಮುಂಚೆ ಜಪಾನಿನ ವಲಸೆ ಇಲಾಖೆ ಕೊಡುವ ಅರ್ಹತಾ ಪತ್ರ) ಒಂದಿದ್ದರೆ ಸಾಲುತ್ತಿರಲಿಲ್ಲ. ಶಾಲೆಯವರು ಇಆರ್‌ಎಫ್‌ಎಸ್ ಅನ್ನುವ ಜಪಾನ್ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ನಮ್ಮ ಹೆಸರು ನೋಂದಾಯಿಸಬೇಕಿತ್ತು. ಅದನ್ನು ನಾವೇ ಮಾಡಲು ಆಗುತ್ತಿರಲಿಲ್ಲ, ಹಾಗಾಗಿ ಶಾಲೆಗೆ ಮುಲಾಜಿಲ್ಲದೆ ಮೇಲ್ ಹಾಕಿ ಕೇಳಬೇಕಿತ್ತು. ಆ ನೋಂದಣಿಯ ಪತ್ರ ಕೈಗೆ ಬಂದ ಮೇಲೆಯೇ ವೀಸಾ ಅರ್ಜಿ. ಸಿಒಇಯ ಮೂರು ತಿಂಗಳ ಅವಧಿ ದಾಟಿತು ಅಂತ ಗಾಬರಿಯಾಗಬೇಕಿರಲಿಲ್ಲ, ಕೊರೊನಾ ಕಾರಣಕ್ಕೆ ಆಗ ಅವಧಿ ಹೆಚ್ಚಿಸಿದ್ದರು.

2022ರ ಏಪ್ರಿಲ್ ಬ್ಯಾಚಿಗೆ ಹೊರಟೆ. ಟಿಕೆಟ್ ರೇಟ್ ಮಾತ್ರ ಕೇಳಬೇಡಿ.