ಕೆ.ಸಿ. ವ್ಯಾಲಿ ನೀರಿನ ಪ್ರಾಜೆಕ್ಟ್: ಕ್ಲಾಸಿನಲ್ಲಿ ಎಲ್ಲಿಂದ ಶುರು ಮಾಡಲಿ?

ಕೋಲಾರದ ಹುಡುಗಿ:
ಮುಂದಿನ ವಾರ ಎಂ.ಎ. ಕ್ಲಾಸಿನಲ್ಲಿ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರಿನ ಯೋಜನೆ ಬಗ್ಗೆ ಪ್ರಾಜೆಕ್ಟ್ ಮಂಡಿಸಬೇಕು. ಹತ್ತು ನಿಮಿಷ, ಆಮೇಲೆ ಪ್ರಶ್ನೆಗಳು. ನನ್ನ ವಾದ ಇಷ್ಟೇ: ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಟ್ಟರೆ ಸಾಲದು, ಮೂರನೇ ಹಂತವೂ ಬೇಕು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದದ್ದು, ಅದೇ ವರ್ಷ ನೊರೆ ಎದ್ದದ್ದು, ಆಮೇಲೆ ನೀರು ಬಿಡುವುದಕ್ಕೆ ಬಂದ ಹೈಕೋರ್ಟ್ ತಡೆ, ಸುಪ್ರೀಂ ಕೋರ್ಟ್ ತಡೆ, ಎಲ್ಲಾ ಹಾಕಿದ್ದೇನೆ. ಸ್ಲೈಡ್ ಮೂವತ್ತು ದಾಟಿದೆ. ಆದರೆ ಕ್ಲಾಸಿನಲ್ಲಿ ಅರ್ಧ ಜನ ನಮ್ಮ ಕಡೆಯವರೇ. ‘ಕೆರೆ ಒಣಗಿದ್ದಾಗ ಎಲ್ಲಿದ್ದೆ?’ ಅಂತ ಕೇಳಿಯೇ ಕೇಳುತ್ತಾರೆ. ನಮ್ಮ ಮಾವನ ಬೋರ್‌ವೆಲ್‌ಗೂ ನೀರು ಬಂದಿದೆ, ಟೊಮೆಟೊ ಹಾಕಿದ್ದಾರೆ. ಅದನ್ನು ಹೇಳದೆ ಬಿಡಲಾ?

ಹಳೇ ಮೇಷ್ಟ್ರು:
ಬಿಡಬೇಡಮ್ಮ. ಮಾವನ ಟೊಮೆಟೊದಿಂದಲೇ ಶುರು ಮಾಡು. ಸಾವಿರ ಅಡಿ ಕೊರೆದರೂ ನೀರು ಸಿಗದ ಜಿಲ್ಲೆಗೆ ದಿನಕ್ಕೆ 44 ಕೋಟಿ ಲೀಟರ್ ತರುವ ಯೋಜನೆ ಅದು. ನೀನೇ ಹೇಳಿಬಿಟ್ಟರೆ ಅವರು ಕೇಳುವುದಕ್ಕೆ ಏನುಳಿಯುತ್ತೆ? ‘ನೀರು ಬೇಡ’ ಅಂತ ನೀನು ಹೇಳುತ್ತಿಲ್ಲ ಅನ್ನುವುದು ಮೊದಲ ನಿಮಿಷದಲ್ಲೇ ಗೊತ್ತಾಗಲಿ. ಕೋರ್ಟಿನ ದಿನಾಂಕಗಳನ್ನು ಕೈಯಲ್ಲಿಟ್ಟುಕೋ, ಪರದೆ ಮೇಲೆ ಬೇಡ. ಸ್ಲೈಡ್ ಆರು ಸಾಕು.

ಎಸ್‌ಟಿಪಿ ಆಪರೇಟರ್:
ಸುಮ್ನೆ ‘ಮೂರನೇ ಹಂತ’ ಅಂದರೆ ಯಾರಿಗೂ ಅರ್ಥ ಆಗಲ್ಲ. ಎರಡನೇ ಹಂತದಲ್ಲಿ ನಾವು ಎಸ್‌ಟಿಪಿಯವರು (ಕೊಳಚೆ ನೀರು ಶುದ್ಧ ಮಾಡುವ ಘಟಕ) ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುತ್ತೇವೆ. ಅವು ಕೊಳೆ ತಿನ್ನುತ್ತವೆ, ನೀರು ನೋಡಲು ತಿಳಿಯಾಗುತ್ತೆ. ಆದರೆ ನೈಟ್ರೇಟ್, ಸೋಪಿನ ಪುಡಿಯ ಫಾಸ್ಫೇಟ್ ಪೂರ್ತಿ ಹೋಗಲ್ಲ. ಕೆರೆಯಲ್ಲಿ ಪಾಚಿ ಹಬ್ಬುವುದಕ್ಕೆ ಅವೇ ಗೊಬ್ಬರ. ಕೆರೆ ನೀರು ಇಂಗಿ ಹೋಗುವುದು ಅದೇ ಬೋರ್‌ವೆಲ್‌ಗೆ, ಅಲ್ವಾ? ಮೂರನೇ ಹಂತ ಅಂದರೆ ಅವನ್ನು ತೆಗೆದು, ಸೋಸಿ, ಕ್ರಿಮಿ ಕೊಲ್ಲುವುದು. ಖರ್ಚು ಯಾರದು ಅಂತಲೂ ಕೇಳುತ್ತಾರೆ, ತಯಾರಾಗಿರಿ.

ವರ್ತೂರಿನವನು:
ನೊರೆಯ ಫೋಟೋ ಎಲ್ಲಿಯದು? ವಾಟ್ಸಾಪ್‌ನಲ್ಲಿ ಬೆಂಗಳೂರಿನ ನಮ್ಮ ವರ್ತೂರು, ಬೆಳ್ಳಂದೂರು ಕೆರೆಗಳ ನೊರೆಯನ್ನೇ ಕೋಲಾರದ್ದು ಅಂತ ಹಂಚುತ್ತಾರೆ. ಒಂದು ಫೋಟೋ ಸುಳ್ಳಾದರೆ ಇಡೀ ವಾದವನ್ನು ಯಾರೂ ನಂಬಲ್ಲ.

ಕೋಲಾರದ ಹುಡುಗಿ:
ಫೋಟೋ ನಮ್ಮಣ್ಣನೇ ಲಕ್ಷ್ಮೀಸಾಗರದ ಕಟ್ಟೆ ಮೇಲೆ ನಿಂತು ತೆಗೆದದ್ದು ಸರ್. ಮೇಷ್ಟ್ರೇ, ಆರು ಆಗಲ್ಲ, ಎಂಟಕ್ಕೆ ಇಳಿಸಿದ್ದೇನೆ. ಖರ್ಚು ಬೆಂಗಳೂರಿನವರೇ ಕೊಡಲಿ ಅನ್ನುತ್ತೇನೆ. ಜಗಳ ಆಗುತ್ತೆ, ಆಗಲಿ. ಮಾವನನ್ನು ಹೆಸರು ಹೇಳದೆ ‘ಒಬ್ಬ ರೈತರು’ ಅಂದರೆ ಸಾಕಲ್ವಾ?