ತಾಲ್ಲೂಕಿಗೊಂದು ಫೋಲ್ಡರ್, ಒಳಗೆ ಒಂದೇ ಹೆಸರಿನ ಫೈಲ್: ಕೂಡಿಸೋದು ಹೇಗೆ?

ಡಿವಿಜಿ_ಡೇಟಾ: ದಾವಣಗೆರೆ, ಹರಿಹರ, ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಹೀಗೆ 6 ಫೋಲ್ಡರ್. ಎಲ್ಲದರಲ್ಲೂ ಮಳೆ, ಮೆಕ್ಕೆಜೋಳ, ಅಡಿಕೆ ಅಂತ ಅವೇ 3 ಸಿಎಸ್‌ವಿ (ಕಾಮಾದಿಂದ ಬೇರ್ಪಡಿಸಿದ ಟೇಬಲ್ ಫೈಲ್). ಕೊನೆಗೆ 3 ಫೈಲ್ ಸಾಕು. ವಿಂಡೋಸ್ ಕಾಪಿ ಕಮಾಂಡ್ ಕೊಟ್ಟರೆ ನಡುನಡುವೆ ಹೆಡರ್ (ಕಾಲಂ ಹೆಸರಿನ ಮೊದಲ ಸಾಲು) ಬರ್ತದೆ.

ಮಂಡಕ್ಕಿ_ಮಿರ್ಚಿ: ಕಾಪಿ ಬಿಡ್ರಿ, ಅದು ಒಳಗೇನಿದೆ ಅಂತ ನೋಡದೆ ಅಂಟಿಸ್ತದೆ. ಕೊನೇ ಸಾಲಿಗೆ ಎಂಟರ್ ಇಲ್ಲದಿದ್ರೆ ಮುಂದಿನ ಹೆಡರ್ ಅದಕ್ಕೇ ಸೇರ್ಕೊಳ್ತದೆ. ಪೈಥಾನ್‌ನಲ್ಲಿ ಪಾತ್‌ಲಿಬ್‌ನ ಆರ್‌ಗ್ಲಾಬ್‌ನಿಂದ (ಒಳಫೋಲ್ಡರ್‌ಗಳಲ್ಲೂ ಹುಡುಕೋ ಕಮಾಂಡ್) ಎಲ್ಲ ಸಿಎಸ್‌ವಿ ಹುಡುಕಿ, ಫೈಲ್ ಹೆಸರೇ ಕೀ ಆಗಿರೋ ಡಿಕ್ಷನರಿಗೆ (ಕೀ ಕೊಟ್ಟರೆ ಅದರ ಪಟ್ಟಿ ಕೊಡೋ ರಚನೆ) ಪಾತ್‌ಗಳನ್ನ, ಅಂದ್ರೆ ಫೈಲ್ ಇರೋ ವಿಳಾಸಗಳನ್ನ ತುಂಬಿ. ಆಮೇಲೆ ಒಂದೊಂದು ಕೀಗೆ ಸೇರಿದವನ್ನ ಪಾಂಡಾಸ್‌ನಲ್ಲಿ (ಟೇಬಲ್ ಕೆಲಸದ ಪೈಥಾನ್ ಲೈಬ್ರರಿ) ಓದಿ, ಪೇರೆಂಟ್ ಫೋಲ್ಡರ್ (ಫೈಲ್ ಇರೋ ಫೋಲ್ಡರ್) ಹೆಸರನ್ನ ‘ತಾಲ್ಲೂಕು’ ಕಾಲಂಗೆ ಹಾಕಿ, ಕಾನ್‌ಕ್ಯಾಟ್ ಮಾಡಿ, ಅಂದ್ರೆ ಒಂದರ ಕೆಳಗೊಂದು ಜೋಡಿಸಿ. ಆ ಕಾಲಂ ಇಲ್ಲದಿದ್ರೆ ಯಾವ ಸಾಲು ಜಗಳೂರಿಂದು ಅಂತ ಆಮೇಲೆ ಬ್ರಹ್ಮನಿಗೂ ಗೊತ್ತಾಗಲ್ಲ.

ದುರ್ಗದ_ಟರ್ಮಿನಲ್: ಔಟ್‌ಪುಟ್ ಫೋಲ್ಡರ್ ಮೂಲ ಫೋಲ್ಡರಿನ ಹೊರಗಿರಲಿ. ಒಳಗಿದ್ರೆ ಎರಡನೇ ಸಲ ಓಡಿಸಿದಾಗ ಆರ್‌ಗ್ಲಾಬ್ ಅದನ್ನೂ ಎತ್ಕೊಂಡು ಸಾಲುಗಳು ಇಮ್ಮಡಿಯಾಗ್ತವೆ. ಓದೋಕೂ ಬರೆಯೋಕೂ ಎನ್‌ಕೋಡಿಂಗ್ (ಅಕ್ಷರ ಉಳಿಸೋ ವಿಧಾನ) ಯುಟಿಎಫ್-8-ಸಿಗ್ ಕೊಡಿ. ಬಾಮ್ (ಫೈಲ್ ಶುರುವಲ್ಲಿರೋ ಎನ್‌ಕೋಡಿಂಗ್ ಗುರುತು) ಇಲ್ಲದ ಫೈಲನ್ನ ಎಕ್ಸೆಲ್‌ನಲ್ಲಿ ನೇರ ತೆರೆದರೆ ಕನ್ನಡ ಕಲಸುಮೇಲೋಗರ. ಹಳ್ಳಿ ಕೋಡ್ ಇದ್ರೆ ಡಿಟೈಪ್ (ಕಾಲಂ ಬಗೆ) ಸ್ಟ್ರಿಂಗ್, ಅಂದ್ರೆ ಅಕ್ಷರ ಅಂತ ಮಾಡಿ, ಇಲ್ಲಾಂದ್ರೆ 012 ಹೋಗಿ 12 ಆಗ್ತದೆ.

ಡಿವಿಜಿ_ಡೇಟಾ: ಓಡ್ತು. ಆದ್ರೆ 3ರ ಬದಲು 4 ಫೈಲ್ ಬಂದಿದೆ, ಎರಡು ಅಡಿಕೆ.

ಮಂಡಕ್ಕಿ_ಮಿರ್ಚಿ: ಯಾವುದೋ ಫೋಲ್ಡರಲ್ಲಿ ಹೆಸರಿನ ಕೊನೆಗೆ ಸ್ಪೇಸ್ ಇರಬೇಕು. ಸ್ಟೆಮ್ (.csv ಬಿಟ್ಟ ಹೆಸರು) ತಗೊಂಡು ಸ್ಟ್ರಿಪ್ ಮಾಡಿ (ಆಚೀಚೆ ಸ್ಪೇಸ್ ತೆಗೆದು) ಕೀ ಮಾಡ್ರಿ. ಕೂಡಿಸೋ ಮುಂಚೆ ಪ್ರತಿ ಕೀಗೆ ಎಷ್ಟು ಪಾತ್ ಅಂತ ಪ್ರಿಂಟ್ ಮಾಡಿ. 6 ಇಲ್ಲದಿದ್ರೆ ಅಲ್ಲೇ ನಿಲ್ಲಿಸಿ.