ಇಟಲಿಯಲ್ಲಿ ಬಾಡಿಗೆ ಕಾರಿನ ಕ್ಲಚ್ ಹೋಯ್ತು, ದುಡ್ಡು ಕಟ್ಟಲೇಬೇಕಾ? ಅನುಭವ ಇದ್ದೋರು ಹೇಳಿ

ಕೊಪ್ಪದ ಹುಡುಗ: ವೆರೋನಾದಲ್ಲಿ ಮ್ಯಾನ್ಯುಯಲ್ ಕಾರು ಬಾಡಿಗೆಗೆ ತಗೊಂಡು ಸ್ಟೆಲ್ವಿಯೋ ಪಾಸ್ ಹತ್ತುತ್ತಿದ್ವಿ. ಮುಂದೆ ಸೈಕಲ್‌ನವರ ಸಾಲು. ಅರ್ಧ ದಾರೀಲಿ ಆಕ್ಸಿಲರೇಟರ್ ಒತ್ತಿದ್ರೆ ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ, ಸುಟ್ಟ ವಾಸನೆ. ಟೋ ಮಾಡಿ ಮೆರಾನೋಗೆ ತಂದು ಹಾಕಿದ್ದಾರೆ. ಆಗಸ್ಟ್ 15ರ ಫೆರಾಗೋಸ್ತೋ ರಜೆ ಅಂತ ಗ್ಯಾರೇಜ್ ಬಾಗಿಲು ಹಾಕಿದೆ. ಪೂರ್ತಿ ಇನ್ಶೂರೆನ್ಸ್ ತಗೊಂಡಿದ್ರೂ ಕ್ಲಚ್ ಅದರಲ್ಲಿ ಬರಲ್ಲ ಅಂತ ಕಂಪನಿಯವರು ಕಾರ್ಡ್ ಮೇಲೆ 1,340 ಯೂರೋ ಬ್ಲಾಕ್ ಮಾಡಿದ್ದಾರೆ. ಗಾಡಿ ಆಗಲೇ 61,000 ಕಿ.ಮೀ. ಓಡಿದೆ. ಏನ್ ಮಾಡ್ಲಿ?

ನೆಕ್ಕರ್ ದಂಡೆ: 1,340ಕ್ಕೇ ಇಷ್ಟು ಗಾಬರಿನಾ! ನಂದು ಸ್ವಂತ ಗಾಡಿ, ಡೀಸೆಲ್. ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ಘಾಟಿ ಇಳಿದು ಲಿಯೆಂಜ್ ತಲುಪೋ ಹೊತ್ತಿಗೆ ಪೆಡಲ್ ಕೆಳಗೆ ಹೋಗಿದ್ದು ಮೇಲೆ ಬರ್ಲೇ ಇಲ್ಲ. ಪೆಡಲ್ ಒತ್ತಿದ್ದನ್ನ ಆಯಿಲ್ ಒತ್ತಡದಿಂದ ಕ್ಲಚ್‌ಗೆ ಮುಟ್ಟಿಸೋ ಸ್ಲೇವ್ ಸಿಲಿಂಡರ್ ಲೀಕ್. ಅದು ಗೇರ್‌ಬಾಕ್ಸ್ ಒಳಗೆ ಕೂತಿರೋ ನಮೂನೆ. 94 ಯೂರೋ ಸಾಮಾನಿಗೆ ಇಡೀ ಗೇರ್‌ಬಾಕ್ಸ್ ಇಳಿಸ್ಬೇಕು. ಇಳಿಸಿದ ಮೇಲೆ ಕ್ಲಚ್ ಕಿಟ್ ಬಿಡೋಕಾಗುತ್ತಾ, 265. ಇಂಜಿನ್ ನಡುಕ ತಡೆಯೋ ಡ್ಯುಯಲ್ ಮಾಸ್ ಫ್ಲೈವೀಲ್ ಅಲ್ಲಾಡ್ತಿತ್ತು, 540. ಕ್ಲಚ್‌ಗೆ ಹಾಕೋ ಡಾಟ್ 4 ಆಯಿಲ್ 14. ಲೇಬರ್ ಆರೂವರೆ ಗಂಟೆ, ಗಂಟೆಗೆ 128ರ ಲೆಕ್ಕದಲ್ಲಿ 832. ಮೇಲೆ ಆಸ್ಟ್ರಿಯಾದ 20% ತೆರಿಗೆ. ಒಟ್ಟು 2,094. ಜರ್ಮನಿಯ ವಾಹನ ಕ್ಲಬ್ ಎಡಿಎಸಿಯ ಪ್ಲಸ್ ಮೆಂಬರ್‌ಶಿಪ್ ಇತ್ತು ಅಂತ ಟೋ ಪುಕ್ಕಟೆ. ಯೂರೋಪಿನಲ್ಲಿ ಗಾಡಿ ಇಟ್ಕೊಂಡು ಆ ಮೆಂಬರ್‌ಶಿಪ್ ಇಲ್ಲದೆ ಗಡಿ ದಾಟೋರಿಗೆ ನಾನು ಕೈ ಮುಗೀತೀನಿ.

ಹುಬ್ಬಳ್ಳಿಯಿಂದ ಇನ್ವರ್ನೆಸ್: ರೀ ಸಾಹೇಬ್ರ, ಅವ್ರು ಕೇಳಿದ್ದು ಬಾಡಿಗಿ ಗಾಡಿದು, ನಿಮ್ಮ ಬಿಲ್ ಯಾರ್ ಕೇಳ್ಯಾರ? ನಂದೂ ಬಾಡಿಗಿ ಗಾಡೀನ. ಸ್ಕಾಟ್ಲೆಂಡಿನಾಗ ಆ್ಯಪಲ್‌ಕ್ರಾಸ್‌ಗೆ ಹೋಗೋ ಬೆಲಾಖ್ ನಾ ಬಾ ದಾರಿ, ಒಂದ ಗಾಡಿ ಹಿಡಸೋವಷ್ಟು ರಸ್ತಾ, ಏರು ಕೆಲವು ಕಡೆ ಐದಕ್ಕ ಒಂದು. ಎದುರಿಗೆ ಕ್ಯಾಂಪರ್ ವ್ಯಾನ್ ಬಂತು, ಹಿಂದಕ ಸರದು ಪಾಸಿಂಗ್ ಪ್ಲೇಸಿಗೆ ಹೋಗೂದ್ರಾಗ ಹೊಗಿ ಬಂತು. 980 ಪೌಂಡ್ ಕೇಳಿದ್ರು. ನಾ ಬಿಡ್ಲಿಲ್ಲ. "ಬಿಚ್ಚಿದ ಹಳೇ ಪ್ಲೇಟಿನ ಫೋಟೋ ಕೊಡ್ರಿ, ಜಾಬ್ ಕಾರ್ಡ್ ಕೊಡ್ರಿ, ಈ ಕ್ಲಚ್ ಯಾವಾಗ ಹಾಕಿದ್ದು ಅಂತ ಬರದು ಕೊಡ್ರಿ" ಅಂದೆ. ಫೋಟೋದಾಗ ಲೈನಿಂಗ್ ಸವದು ರಿವೆಟ್ ತಲಿ ಹೊಳೀಲಿಕ್ಕತ್ತಿದ್ವು. ಅಷ್ಟು ಸವಿಬೇಕಂದ್ರ ಸಾವಿರಾರು ಕಿಲೋಮೀಟರ್ ಬೇಕು, ಒಂದ ದಿನದ್ದಲ್ಲ. ಕ್ಲಚ್ ಪ್ಲೇಟ್ ಒತ್ತಿ ಹಿಡಿಯೋ ಪ್ರೆಷರ್ ಪ್ಲೇಟ್ ಮ್ಯಾಲೆ ನೀಲಿ ಕಲಿ ಅದಾವು ಅಂತ ಅವ್ರು ವಾದ ಮಾಡಿದ್ರು, ಅದು ಕಾವಿಗೆ ಬರೋದು, ಅಂದ್ರ ನಾನ ಸುಟ್ಟೆ ಅಂತ ಅವ್ರ ಮಾತು. ಕಡೀಗೆ 410ಕ್ಕ ಇಳಿದ್ರು. ಅದನ್ನೂ ಕೊಡಬಾರದಿತ್ತು ಅಂತ ಮನಿಯಾಕಿ ಇವತ್ತಿಗೂ ಅಂತಾಳ.

ವ್ಯಾಗನ್‌ಆರ್ ಸಂಚಾರಿ: ಯೂರೋ ಪೌಂಡು ಬಿಡಿ ಸ್ವಾಮಿ. ದಾವಣಗೆರೆಯಿಂದ ಸುನೌಲಿ ಮೂಲಕ ನೇಪಾಳಕ್ಕೆ ನಮ್ಮದೇ ಗಾಡೀಲಿ ಹೋಗಿದ್ವಿ. ಮುಗ್ಲಿಂಗ್ ದಾಟಿ ಪೋಖರಾ ಕಡೆ ಹೋಗ್ತಾ ಕ್ಲಚ್ ಕೇಬಲ್ ಕಟ್. ಗಾಡಿ ಆಫ್ ಮಾಡಿ, ಫಸ್ಟ್ ಗೇರ್ ಹಾಕಿ, ಸೆಲ್ಫ್ ಹೊಡೆದ್ರೆ ಎಗರಿ ಹೊರಡುತ್ತೆ. ಆಮೇಲೆ ಆರ್‌ಪಿಎಂ ನೋಡ್ಕೊಂಡು ಗೇರ್ ಬದಲಿಸಿದ್ರೆ ಆಯ್ತು. ದಮೌಲಿಯಲ್ಲಿ ಕೇಬಲ್ 1,120 ನೇಪಾಳಿ ರೂಪಾಯಿ, ಅಂದ್ರೆ ನಮ್ಮ 700. ಕೂಲಿ 800, ನಮ್ಮ 500. ಸಂಕಟ ಆಗಿದ್ದು ಭನ್ಸಾರ್‌ದು, ಅಂದ್ರೆ ಹೊರಗಿನ ಗಾಡಿಗೆ ದಿನದ ಲೆಕ್ಕದಲ್ಲಿ ಕೊಡೋ ನೇಪಾಳದ ಕಸ್ಟಮ್ಸ್ ಪರ್ಮಿಟ್. ಗಾಡಿ ನಿಂತಿರ್ಲಿ ಓಡ್ಲಿ, ಪರ್ಮಿಟ್ ದಿನ ಕರಗ್ತಾನೇ ಇರುತ್ತೆ. ಇವತ್ತಿನ ಹುಡುಗ್ರಿಗೆ ಕ್ಲಚ್ ಇಲ್ಲದೆ ಓಡಿಸೋದು ಗೊತ್ತಿಲ್ಲ, ಅದಕ್ಕೇ ಟೋ ಟೋ ಅಂತಾರೆ.

ನೆಕ್ಕರ್ ದಂಡೆ: ಕೇಬಲ್ ಕಿತ್ತೋದ್ರೆ ಪ್ಲೇಟ್ ಗಟ್ಟಿಯಾಗಿ ಹಿಡ್ಕೊಂಡೇ ಇರುತ್ತೆ, ಅದಕ್ಕೇ ನಿಮ್ಮ ಗಾಡಿ ಓಡ್ತು. ಪ್ಲೇಟೇ ಸುಟ್ಟಿದ್ರೆ ಸೆಲ್ಫ್ ಹೊಡೆದು ಏನ್ ಮಾಡ್ತೀರಾ? 48 ತಿರುವಿನ ಸ್ಟೆಲ್ವಿಯೋ ಹತ್ತಿ ತೋರಿಸಿ ನೋಡೋಣ.

ಉಡುಪಿ ಆಂಟಿ: ಬೆಂಗಳೂರಿನಲ್ಲಿ ಆಟೋಮ್ಯಾಟಿಕ್ ಓಡಿಸಿ ಅಭ್ಯಾಸ, ಇಲ್ಲಿಗೆ ಬಂದು ದುಡ್ಡು ಉಳಿಸ್ಲಿಕ್ಕೆ ಮ್ಯಾನ್ಯುಯಲ್ ತಗೊಳ್ಳುದು. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕ್ಲಿಕ್ಕೆ ಉದಾಸೀನ, ಹಾಫ್ ಕ್ಲಚ್ಚಿನಲ್ಲೇ ಗಾಡಿ ನಿಲ್ಸುದು. ನಾವು ಸಿಸಿಲಿಯಲ್ಲಿ ವಾರಕ್ಕೆ 190 ಯೂರೋ ಜಾಸ್ತಿ ಕೊಟ್ಟು ಆಟೋಮ್ಯಾಟಿಕ್ಕೇ ತಗೊಂಡದ್ದು ಮಾರಾಯ್ರೆ. ನಮ್ಮವರು ಮುಖ ಊದಿಸಿದ್ರು. ಈಗ ಈ 1,340 ಓದಿ ಹೇಳಿದೆ ಅವರಿಗೆ.

ಕೊಪ್ಪದ ಹುಡುಗ: ಮೇಡಂ, ಆಗುಂಬೆಯ 14 ತಿರುವಲ್ಲಿ ಅಪ್ಪನ ಜೀಪ್ ಓಡಿಸಿ ಕಲಿತೋನು ನಾನು. ಹ್ಯಾಂಡ್‌ಬ್ರೇಕ್ ಪಾಠ ಬೇಡ.

ಉಡುಪಿ ಆಂಟಿ: ಜೀಪಿನ ಕ್ಲಚ್ಚಿಗೂ ಬಾಡಿಗೆ ಕಾರಿನ ಕ್ಲಚ್ಚಿಗೂ ಎಂತ ಸಂಬಂಧ?

ಹುಬ್ಬಳ್ಳಿಯಿಂದ ಇನ್ವರ್ನೆಸ್: ಅಕ್ಕಾರ, ಜಗಳ ಆಮ್ಯಾಲೆ. ತಮ್ಮಾ, ಗ್ಯಾರೇಜ್ ತಗಿಯೂಕಿಂತ ಮೊದಲು ಕಂಪನಿಗೆ ಮೇಲ್ ಹಾಕು: ಹಳೇ ಪ್ಲೇಟ್ ಒಗೀಬ್ಯಾಡ್ರಿ, ಫೋಟೋ ಬೇಕು. 61,000 ಓಡಿದ ಕ್ಲಚ್ಚಿಗೆ ಹೊಸಾದರ ರೇಟ್ ಯಾಕ ಕೊಡಬೇಕು ಅಂತನೂ ಕೇಳು. ಬ್ಯಾಂಕಿಗೂ ಇವತ್ತ ತಿಳಸು, ಬ್ಲಾಕ್ ಅಂದ್ರ ಇನ್ನೂ ಕಡೀಕ ಕಡಿತ ಆಗಿಲ್ಲ.

ವ್ಯಾಗನ್‌ಆರ್ ಸಂಚಾರಿ: ಎಲ್ಲ ಸರಿ, ಆದ್ರೆ ಆರೂವರೆ ಗಂಟೆ ಲೇಬರ್ ಅಂತ ಬರೆದೋರು ಬಿಲ್ ತೋರಿಸ್ಲಿ. ನಮ್ಮ ಕಡೆ ಮಧ್ಯಾಹ್ನದ ಊಟದೊಳಗೆ ಗೇರ್‌ಬಾಕ್ಸ್ ಇಳಿಸಿ ಏರಿಸ್ತಾರೆ.

ನೆಕ್ಕರ್ ದಂಡೆ: ಸಂಜೆ ಸ್ಕ್ಯಾನ್ ಮಾಡಿ ಹಾಕ್ತೀನಿ. ನೀವೂ ಭನ್ಸಾರ್ ಚೀಟಿ ಹಾಕಿ.